ನ್ಯಾಷನಲ್ ಗಾರ್ಡ್‌ನಲ್ಲಿದ್ದು ಏರ್ ಅಸಾಲ್ಟ್ ಸ್ಕೂಲಿಗೆ ಸೀಟು ಪಡೆದದ್ದು: ನನ್ನ ಅನುಭವ

ನಾನು ಅಮೆರಿಕದ ಆರ್ಮಿ ನ್ಯಾಷನಲ್ ಗಾರ್ಡ್‌ನಲ್ಲಿ ಸಿಪಾಯಿ. ವಾರವಿಡೀ ಸಾಫ್ಟ್‌ವೇರ್ ಕೆಲಸ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೊಮ್ಮೆ ಸುಮಾರು 2 ವಾರ ತರಬೇತಿ. ಏರ್ ಅಸಾಲ್ಟ್ ಸ್ಕೂಲಿಗೆ ಹೋಗಲೇಬೇಕು ಅಂತ ನನಗೆ ಬಹಳ ಆಸೆ ಇತ್ತು. ಹೆಲಿಕಾಪ್ಟರ್‌ನಿಂದ ಹಗ್ಗ ಹಿಡಿದು ಇಳಿಯುವುದು, ಅದರ ಹೊಟ್ಟೆಯಡಿ ಸರಕು ತೂಗುಹಾಕಿ ಸಾಗಿಸುವುದು, ಇದನ್ನೆಲ್ಲ ಕಲಿಸುವ ಸ್ಕೂಲ್ ಅದು.

ನಮ್ಮಂಥವರಿಗೆ ಸೀಟು ಸಿಗುವುದು ಕಷ್ಟ. ಕಾರಣ ದುಡ್ಡು. ಸ್ಕೂಲಿನಲ್ಲಿರುವ ಅಷ್ಟೂ ದಿನ ನಮಗೆ ಸಂಬಳ ಕೊಡಬೇಕು, ಹೋಗಿಬರುವ ಖರ್ಚು ಕೊಡಬೇಕು. ಇರುವ ದುಡ್ಡು ಮೊದಲು ತಮ್ಮ ಹುದ್ದೆಯ ತರಬೇತಿಯೇ ಆಗದವರಿಗೆ ಹೋಗುತ್ತದೆ, ಆಮೇಲೆ ಬಡ್ತಿಯ ಕೋರ್ಸ್ ಬೇಕಾದವರಿಗೆ. ಏರ್ ಅಸಾಲ್ಟ್‌ನಂಥದ್ದರ ಸರದಿ ಅದಾದ ಮೇಲೆ. ಅದಕ್ಕೇ ನಾನು ಬೇಸಿಕ್ ಲೀಡರ್ ಕೋರ್ಸ್ ಮುಗಿಸಿಕೊಂಡು ಆಮೇಲೆ ಬಾಯಿಬಿಟ್ಟೆ. ಬಡ್ತಿ ಕೋರ್ಸ್ ಬಾಕಿ ಇದ್ದರೆ ನಿಮ್ಮ ಅರ್ಜಿಯನ್ನು ಯಾರೂ ಮನಸ್ಸಿಟ್ಟು ನೋಡುವುದಿಲ್ಲ.

ಇನ್ನೊಂದು ವಿಷಯ. ಡ್ರಿಲ್ ದಿನ ಇದನ್ನು ಕೇಳಬೇಡಿ. ಅವತ್ತು ಎಲ್ಲರಿಗೂ ತಲೆ ತುಂಬ ಕೆಲಸ. ಪ್ರತಿ ಯೂನಿಟ್‌ನಲ್ಲೂ ವಾರದ ದಿನಗಳಲ್ಲಿ ಪೂರ್ಣಾವಧಿ ಕೆಲಸ ಮಾಡುವ ಒಂದಿಬ್ಬರು ಸಾರ್ಜೆಂಟ್‌ಗಳು ಇರುತ್ತಾರೆ. ಆಟ್ರ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಅರ್ಜಿ ಹಾಕುವವರು ಅವರೇ. ಅಲ್ಲಿಂದ ಅದು ಬೆಟಾಲಿಯನ್, ಬ್ರಿಗೇಡ್ ದಾಟಿ ರಾಜ್ಯದ ಕೇಂದ್ರ ಕಚೇರಿ ಮುಟ್ಟಬೇಕು. ನಾನು ಊಟದ ಬಿಡುವಿನಲ್ಲಿ ಫೋನ್ ಮಾಡಿ, ಈಗ ಯಾರ ಮೇಜಿನ ಮೇಲಿದೆ ಅಂತ ವಿನಯದಿಂದ ಕೇಳುತ್ತಿದ್ದೆ. ಹೀಗೆ ಕೇಳುವವರು ಕಡಿಮೆ.

ನಿಜವಾಗಿ ಕೆಲಸ ಮಾಡಿದ್ದು ಕಮಾಂಡರ್‌ಗೆ ಬರೆದುಕೊಟ್ಟ ಒಂದು ಪ್ಯಾರಾ. "ನನಗೆ ಆಸೆ ಇದೆ" ಅಂತ ಬರೆದರೆ ಅವರು ಮೇಲಿನವರಿಗೆ ಏನು ಹೇಳಬೇಕು? ನಮ್ಮದು ಸರಕು ಸಾಗಿಸುವ ಯೂನಿಟ್. ಹೆಲಿಕಾಪ್ಟರ್‌ಗೆ ತೂಗುಹಾಕುವ ಸರಕನ್ನು ಅರ್ಹತೆ ಇರುವ ಒಬ್ಬರು ತಪಾಸಣೆ ಮಾಡಿ ಸಹಿ ಹಾಕಬೇಕು. ಏರ್ ಅಸಾಲ್ಟ್ ಪಾಸಾದವರು ಸ್ಪೆಷಲಿಸ್ಟ್ ದರ್ಜೆಯವರೋ ಮೇಲಿನವರೋ ಆಗಿದ್ದರೆ ಆ ಸಹಿ ಹಾಕಬಹುದು. ನಮ್ಮಲ್ಲಿ ಅಂಥವರು ಇರಲಿಲ್ಲ. ಅದನ್ನೇ ಬರೆದೆ. ಕಮಾಂಡರ್ ಓದಿ ತಕ್ಷಣ ಒಪ್ಪಿದರು.

ಆದರೂ ಮೊದಲು ಸಿಕ್ಕಿದ್ದು ವೇಟಿಂಗ್ ಲಿಸ್ಟ್. ಅದರಿಂದ ಬೇಸರ ಪಡಬೇಕಿಲ್ಲ. ಕೊನೆ ಗಳಿಗೆಯಲ್ಲಿ ಯಾರಿಗೋ ಕಾಲು ಉಳುಕುತ್ತದೆ, ಯಾರದೋ ಮೆಡಿಕಲ್ ಅವಧಿ ಮುಗಿದಿರುತ್ತದೆ. ಆಗ ಕಾಗದ ಸಿದ್ಧ ಇರುವವರಿಗೇ ಕರೆ. ನಾನು ವಾರ್ಷಿಕ ಆರೋಗ್ಯ ತಪಾಸಣೆ, ಫಿಟ್ನೆಸ್ ಟೆಸ್ಟ್ ಅಂಕ ಎರಡೂ ಚಾಲ್ತಿಯಲ್ಲಿಟ್ಟಿದ್ದೆ. ಆಫೀಸಿನಲ್ಲೂ ಮ್ಯಾನೇಜರ್‌ಗೆ ಮೊದಲೇ ಬರೆದು ತಿಳಿಸಿದ್ದೆ. ಸೇನಾ ತರಬೇತಿಗೆ ಹೋದವರ ಕೆಲಸ ಕಾಯುವ ಕಾನೂನು ಇಲ್ಲಿ 1994ರಿಂದ ಇದೆ, ಹೆದರಬೇಕಿಲ್ಲ. ಆದರೂ ಮುಂಚೆ ಹೇಳಿದರೆ ಜೊತೆಯವರಿಗೆ ತೊಂದರೆ ಕಡಿಮೆ, ಅಲ್ವಾ?

ಕರೆ ಬಂದ ಮೇಲೆ ತಯಾರಿಗೆ ಸಮಯ ಸಿಗುವುದಿಲ್ಲ. ಕೋರ್ಸಿನ ಕೊನೆಗೆ ಭಾರ ಹೊತ್ತು 12 ಮೈಲಿಯನ್ನು 3 ಗಂಟೆಯೊಳಗೆ ನಡೆಯಬೇಕು. ಹಾಗಾಗಿ ವೇಟಿಂಗ್ ಲಿಸ್ಟ್‌ನಲ್ಲಿದ್ದಾಗಲೇ ಬೆಳಗಿನ ಜಾವ ಬ್ಯಾಗ್ ಹೊತ್ತು ನಡೆಯುತ್ತಿದ್ದೆ, ರಾತ್ರಿ ಸರಕು ಕಟ್ಟುವ ಪಾಠ ಓದುತ್ತಿದ್ದೆ. ಜಾಸ್ತಿ ಜನ ಫೇಲಾಗಿ ಮನೆಗೆ ಮರಳುವುದು ಆ ಸರಕು ತಪಾಸಣೆಯ ಪರೀಕ್ಷೆಯಲ್ಲೇ. ಕಟ್ಟಿಟ್ಟ ಸರಕಿನಲ್ಲಿ ಬೇಕೆಂದೇ 4 ತಪ್ಪು ಮಾಡಿಟ್ಟಿರುತ್ತಾರೆ. 2 ನಿಮಿಷದಲ್ಲಿ 3 ಆದರೂ ಹಿಡಿಯಬೇಕು.