ಪ್ಯಾಕೆಟ್ ಬೇಕಾ, ಬೇಡವಾ? ಲೆಕ್ಕ ಹಾಕುವುದು ಹೀಗೆ

ಪ್ಲಾಸ್ಟಿಕ್ ಬೇಡ ಅಂತ ಕಳೆದ ವಾರ ಮಾರ್ಕೆಟ್‌ನಿಂದ ಎರಡು ಕಟ್ಟು ಹರಿವೆ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ. ಮಂಗಳೂರಿನ ಸೆಕೆ ಗೊತ್ತಲ್ವಾ? ಮರುದಿನವೇ ಎಲೆ ಬಾಡಿತು, ಮೂರನೇ ದಿನ ದಂಟು ಲೋಳೆಯಾಗಿ ಕಸಕ್ಕೆ ಹೋಯಿತು. ಒಂದು ಕವರ್ ಉಳಿಯಿತು ನಿಜ. ಆದರೆ ಸೊಪ್ಪಿಗೆ ಹಾಕಿದ ನೀರು, ಗೊಬ್ಬರ, ಟೆಂಪೋದ ಡೀಸೆಲ್ ಎಲ್ಲವೂ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಆಹಾರದಿಂದ ಹೊರಬರುವ ಹಸಿರುಮನೆ ಅನಿಲದಲ್ಲಿ ಪ್ಯಾಕಿಂಗಿನ ಪಾಲು ಸುಮಾರು ಶೇ 5. ಉಳಿದದ್ದರಲ್ಲಿ ಹೆಚ್ಚಿನ ಪಾಲು ಬೆಳೆಯುವುದರದ್ದೇ. ಹಾಗಂತ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ ಎನ್ನುತ್ತಿಲ್ಲ. ತೋಡಿಗೆ ಬಿದ್ದ ಕವರ್ ನೇತ್ರಾವತಿ ಸೇರಿ ಕಡಲಿಗೆ ಹೋಗುತ್ತದೆ, ಬಲೆಯಲ್ಲಿ ಮೀನಿನ ಜೊತೆ ಮೇಲೆ ಬರುತ್ತದೆ. ಅನಿಲದ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಮೊದಲು, ಒಂದು ವಾರ ನಿಮ್ಮ ಕಸ ನೋಡಿ. ಎಸೆದ ತಿನಿಸು ಒಂದು ಬಕೆಟ್, ಖಾಲಿ ಕವರ್ ಇನ್ನೊಂದು. ನಮ್ಮಲ್ಲಿ ಜಾಸ್ತಿ ಸಿಕ್ಕಿದ್ದು ಅನ್ನ ಮತ್ತು ಸೊಪ್ಪು. ನಿಮ್ಮಲ್ಲಿ ಬೇರೆ ಇರಬಹುದು.

ಎರಡನೆಯದು, ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ: ಪ್ಯಾಕೆಟ್ ಇಲ್ಲದೆ ಎಷ್ಟು ದಿನ ಉಳಿಯುತ್ತದೆ? ಮಂಗಳೂರು ಸೌತೆಯನ್ನೇ ನೋಡಿ. ಬಾಳೆ ನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಾಗದಂತೆ ಅಟ್ಟದ ಕೆಳಗೆ ತೂಗುಹಾಕಿದರೆ ಮಳೆಗಾಲ ಪೂರ್ತಿ ಸಾಂಬಾರಿಗೆ ಒದಗುತ್ತದೆ. ದಪ್ಪ ಸಿಪ್ಪೆಯೇ ಅದರ ಪ್ಯಾಕಿಂಗ್. ಯುರೋಪಿನ ಉದ್ದ ಸೌತೆಗೆ ತೆಳು ಸಿಪ್ಪೆ, ನೀರು ಬೇಗ ಆರುತ್ತದೆ. ಸ್ಪೇನ್‌ನಿಂದ ಸ್ವಿಟ್ಜರ್ಲೆಂಡ್‌ಗೆ ಹೋಗುವ ಆ ಸೌತೆಯ ಬಗ್ಗೆ ಅಲ್ಲಿನ ಎಂಪಾ ಎಂಬ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿತ್ತು. ಪರಿಸರದ ಮೇಲಿನ ಒಟ್ಟು ಹೊರೆಯಲ್ಲಿ ಪ್ಲಾಸ್ಟಿಕ್ ಹಾಳೆಯದ್ದು ಸುಮಾರು ಶೇ 1 ಮಾತ್ರ; ಕಾಯಿ ಕೊಳೆಯದಂತೆ ತಡೆದು ಅದು ಉಳಿಸುವುದು ಅದಕ್ಕಿಂತ ಎಷ್ಟೋ ಜಾಸ್ತಿ. ಅಲ್ಲಿ ಹಾಳೆ ಬೇಕು. ನಮ್ಮ ಸೌತೆ, ಸುವರ್ಣಗೆಡ್ಡೆ, ಕುಂಬಳಕ್ಕೆ ಖಂಡಿತ ಬೇಡ.

ಸೊಪ್ಪಿಗೆ ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಸಾಕು. ಸುತ್ತಿ ಫ್ರಿಡ್ಜ್‌ನಲ್ಲಿಡಿ. ಬಸಳೆ ದಂಟು ಉಳಿದರೆ ಹಿತ್ತಲಲ್ಲಿ ಊರಿ, ಚಿಗುರುತ್ತದೆ.

ಆಟಿಯ (ತುಳುನಾಡಿನ ಜೋರು ಮಳೆಯ ತಿಂಗಳು) ಮಳೆಗೆ ಮಾತ್ರ ಲೆಕ್ಕ ಬದಲಾಗುತ್ತದೆ. ಅವಲಕ್ಕಿ ಮೆತ್ತಗಾಗುತ್ತದೆ, ರವೆಗೆ ಹುಳ ಬೀಳುತ್ತದೆ. ಆಗ ಗಾಳಿಯಾಡದ ಪ್ಯಾಕೆಟ್ಟೇ ಒಳ್ಳೆಯದು, ಆದರೆ ಮುಗಿಯುವಷ್ಟೇ ತನ್ನಿ. ಆಫರ್ ಅಂತ ದೊಡ್ಡದು ತಂದು ಅರ್ಧ ಎಸೆದರೆ ಎರಡೂ ನಷ್ಟ.

ಹಾಲಿಗೆ ಪ್ಯಾಕೆಟ್ ತಪ್ಪದು. ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರೆ ಮಾಡಬೇಡಿ, ಕವರಿಗೇ ಅಂಟಿಕೊಂಡಿರಲಿ. ಉಗುರಿನಷ್ಟು ಚೂರನ್ನು ಯಾರೂ ಹೆಕ್ಕುವುದಿಲ್ಲ, ಅದು ಸೀದಾ ಮಣ್ಣಿಗೆ.

ಇನ್ನು ಅನ್ನ. ಕುಚ್ಚಲಕ್ಕಿ ಬೇಯಲು ಗ್ಯಾಸ್ ಎಷ್ಟು ಬೇಕು ಅಂತ ನಮಗೆಲ್ಲ ಗೊತ್ತು. ರಾತ್ರಿ ಉಳಿದದ್ದಕ್ಕೆ ನೀರು ಹಾಕಿಡಿ, ಬೆಳಿಗ್ಗೆ ಮೊಸರು, ನೀರುಳ್ಳಿ, ಮಿಡಿ ಉಪ್ಪಿನಕಾಯಿ.

ಕೊನೆಗೂ ಉಳಿದದ್ದು ತೆಂಗಿನ ಬುಡಕ್ಕೆ ಹೋಗಲಿ, ಕವರಿನೊಳಗೆ ಕಟ್ಟಿ ಕೊಡಬೇಡಿ. ಹಸಿಕಸ, ಪ್ಲಾಸ್ಟಿಕ್ ಒಟ್ಟಿಗೆ ರಾಶಿ ಬಿದ್ದರೆ ಗಾಳಿ ಸಿಗದೆ ಕೊಳೆತು ಮೀಥೇನ್ ಎಂಬ ಹಸಿರುಮನೆ ಅನಿಲ ಆಗುತ್ತದೆ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಪಕ್ಕದ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಅದರಲ್ಲಿ ನಮ್ಮ ಮನೆಗಳ ಅನ್ನವೂ ಇತ್ತು, ಕವರೂ ಇತ್ತು. ಹಾಲಿನ ಕವರನ್ನು ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸಿ, ಒಣಕಸದ ದಿನ ಬೇರೆಯಾಗಿ ಕೊಡಿ.