ಗ್ರಬ್‌ನ ಎನ್‌ಟಿಎಫ್‌ಎಸ್ ಡ್ರೈವರ್ ಫಜ್ ಮಾಡಿದ ನನ್ನ ಅನುಭವ

ಬೂಟ್‌ಲೋಡರನ್ನು (ಕಂಪ್ಯೂಟರ್ ಚಾಲೂ ಆದಾಗ ಆಪರೇಟಿಂಗ್ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮ್, ಗ್ರಬ್ ಅಂಥದ್ದೊಂದು) ಮನೆಯ ಕಂಪ್ಯೂಟರಿನಲ್ಲಿ ಫಜ್ ಮಾಡುವುದು, ಅಂದರೆ ಕೆಡಿಸಿದ ಇನ್‌ಪುಟ್‌ಗಳನ್ನು ಸತತವಾಗಿ ಉಣಿಸಿ ದೋಷ ಹುಡುಕುವುದು, ವ್ಯರ್ಥ ಕಾಲಹರಣವೆಂದು ಜೊತೆಯವರು ಹೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಪಣ ಇಷ್ಟೇ ಆಗಿತ್ತು: 2023ರ ಅಕ್ಟೋಬರಿನಲ್ಲಿ ಬಹಿರಂಗವಾದ, ವಿಂಡೋಸಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್ ಓದುವ ಡ್ರೈವರಿನ ದೋಷಗಳೆರಡನ್ನು, ಅಂದರೆ ಸಿವಿಇ-2023-4692 ಮತ್ತು 4693ನ್ನು, ತೇಪೆ ಬೀಳದ ಗ್ರಬ್ 2.06ರಲ್ಲಿ ನನ್ನ ಫಜರ್ ತಾನಾಗಿ ಹುಡುಕಬೇಕು. ಗೊತ್ತಿರುವುದನ್ನೇ ಹಿಡಿಯಲಾರದ ಬಲೆ ಗೊತ್ತಿಲ್ಲದ್ದನ್ನು ಹಿಡಿಯುವುದಿಲ್ಲ.

ಮೊದಲ ಒಂದೂವರೆ ತಿಂಗಳು ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮುವಿನಲ್ಲಿ ಪ್ರತಿ ಇಮೇಜಿಗೂ (ಕೆಡಿಸಿದ ಡಿಸ್ಕಿನ ಪ್ರತಿಗೂ) ಹೊಸದಾಗಿ ಬೂಟ್ ಮಾಡಿಸಿದೆ. ಒಂದು ಸುತ್ತಿಗೆ ಮೂರು ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಬಾಡಿಗೆ ಸರ್ವರಿಗೆ ಹೆಚ್ಚು ಕಡಿಮೆ 14,000 ರೂಪಾಯಿ ಸುರಿದು ಪಡೆದದ್ದು ಕೆಲವು ಹ್ಯಾಂಗ್‌ಗಳು ಮಾತ್ರ. ಕೊನೆಗೆ ಅದನ್ನು ಬಿಟ್ಟು, ಸುಮಾರು 28,000 ರೂಪಾಯಿಗೆ ಹಳೆಯ ಡೆಸ್ಕ್‌ಟಾಪ್ ಒಂದನ್ನು ಕೊಂಡು, ಗ್ರಬ್ ಜೊತೆಗೇ ಬರುವ ಪರೀಕ್ಷಾ ಸಾಧನವಾದ ಗ್ರಬ್-ಎಫ್‌ಎಸ್‌ಟೆಸ್ಟ್‌ನತ್ತ ತಿರುಗಿದೆ. ಅದೇ ಡ್ರೈವರ್ ಕೋಡು ಅಲ್ಲಿ ಸಾಮಾನ್ಯ ಪ್ರೋಗ್ರಾಮಿನಂತೆ ಓಡುತ್ತದೆ. ಗ್ರಬ್‌ನ ಸ್ವಂತ ಹೀಪಿನ (ಬೇಕಾದಾಗ ಪಡೆಯುವ ಮೆಮೊರಿಯ) ಬದಲು ಮೆಮೊರಿ ಹಂಚುವ ಲಿನಕ್ಸಿನ ಮ್ಯಾಲಕ್ಕೇ ಬಳಕೆಯಾಗುವುದರಿಂದ, ಮೆಮೊರಿಯ ಗಡಿ ದಾಟಿದ್ದನ್ನು ಪತ್ತೆಹಚ್ಚುವ ಅಡ್ರೆಸ್ ಸ್ಯಾನಿಟೈಜರ್ ಪೂರ್ತಿ ಕೆಲಸ ಮಾಡುತ್ತದೆ. ವೇಗ ಸೆಕೆಂಡಿಗೆ ನೂರಾರು ಸುತ್ತುಗಳಿಗೆ ಏರಿತು.

ಆದರೂ ಎರಡು ವಾರ ಏನೂ ಸಿಗಲಿಲ್ಲ. ಕವರೇಜ್, ಅಂದರೆ ಕೋಡಿನ ಯಾವ ಭಾಗ ಓಡಿತೆಂಬ ಲೆಕ್ಕ, ತೆಗೆದು ನೋಡಿದರೆ ಎಲ್ಲ ಇಮೇಜುಗಳೂ ಫಿಕ್ಸಪ್ ಪರೀಕ್ಷೆಯಲ್ಲೇ ಸಾಯುತ್ತಿದ್ದವು. ಎಂಎಫ್‌ಟಿ (ಡಿಸ್ಕಿನ ಫೈಲುಗಳ ಮುಖ್ಯ ಪಟ್ಟಿ) ದಾಖಲೆಯ ಪ್ರತಿ 512 ಬೈಟಿನ ಕೊನೆಯ ಎರಡು ಬೈಟುಗಳು ಶಿರೋಭಾಗದ ಗುರುತಿಗೆ ತಾಳೆಯಾಗದಿದ್ದರೆ ಡ್ರೈವರ್ ಮುಂದೆ ಹೋಗುವುದಿಲ್ಲ, ಕುರುಡು ಮ್ಯುಟೇಶನ್ (ಬೈಟುಗಳನ್ನು ಮನಬಂದಂತೆ ಬದಲಿಸುವುದು) ಅದನ್ನು ಕೆಡಿಸದೆ ಬಿಡುವುದಿಲ್ಲ. ಹೀಗಾಗಿ ಒಂದು ಮೆಗಾಬೈಟಿನ ಇಮೇಜನ್ನು ಸ್ಥಿರವಾಗಿಟ್ಟು, 1024 ಬೈಟಿನ ಕೆಲವೇ ದಾಖಲೆಗಳನ್ನು ಕಲಕಿ, ಗುರುತನ್ನು ಮರಳಿ ಹೊಂದಿಸುವ ಚಿಕ್ಕ ಮ್ಯುಟೇಟರನ್ನು ಬರೆದೆ. ಅಟ್ರಿಬ್ಯೂಟ್‌ಗಳ (ದಾಖಲೆಯೊಳಗಿನ ಭಾಗಗಳ) ಉದ್ದವನ್ನು ಅದು ಹೇಗೆ ಆಯುತ್ತದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮೂರನೆಯ ರಾತ್ರಿ ಎಂಎಫ್‌ಟಿಯ ಅಟ್ರಿಬ್ಯೂಟ್ ಲಿಸ್ಟ್ ಓದುವಲ್ಲಿ ಹೀಪಿನ ಗಡಿ ದಾಟಿದ ಬರಹ ಸಿಕ್ಕಿತು, ಅಂದರೆ 4692 ಬಲೆಗೆ ಬಿತ್ತು. ಮೌಂಟ್ ಮಾಡುವಾಗಲೇ (ಡಿಸ್ಕನ್ನು ತೆರೆಯುವಾಗಲೇ) ಅದು ಘಟಿಸುವುದರಿಂದ ಫೈಲ್ ಪಟ್ಟಿ ಕೇಳುವ ಆಜ್ಞೆಯೊಂದೇ ಸಾಕಾಗಿತ್ತು. 4693 ಮಾತ್ರ ವಾರವಾದರೂ ಬರಲಿಲ್ಲ. ಅದು ರೆಸಿಡೆಂಟ್ ಡೇಟಾ (ಎಂಎಫ್‌ಟಿ ದಾಖಲೆಯೊಳಗೇ ಇರುವ ಫೈಲ್ ಡೇಟಾ) ಓದುವಾಗಿನ ದೋಷ, ನಾನು ಒಂದು ಫೈಲನ್ನೂ ಓದಿಸಿರಲಿಲ್ಲ! ಆಜ್ಞೆಯನ್ನು ಬದಲಿಸಿದ ಸಂಜೆಯೇ ಅದೂ ಸಿಕ್ಕಿತು.

ನಡುವೆ ಇನ್ನೊಂದು ಬೂಟ್‌ಲೋಡರ್ ಆದ ಯು-ಬೂಟ್‌ನ ಸ್ಯಾಂಡ್‌ಬಾಕ್ಸ್ ಬಿಲ್ಡನ್ನು (ಲಿನಕ್ಸಿನಲ್ಲೇ ಓಡುವ ಆವೃತ್ತಿಯನ್ನು) ಹಿಡಿದು, 2019ರಲ್ಲಿ ಬಯಲಾದ ಅದರ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಸರ್ವರಿನಿಂದ ಫೈಲು ಓದುವ ಪದ್ಧತಿ) ದೋಷಗಳತ್ತಲೂ ಹತ್ತು ದಿನ ಅಲೆದೆ. ನಕಲಿ ಸರ್ವರ್ ಬರೆಯುವುದರಲ್ಲೇ ಉತ್ಸಾಹ ಮುಗಿದುಹೋಯಿತು.

ಕ್ರ್ಯಾಶ್ ಇಮೇಜನ್ನು ಪೆನ್‌ಡ್ರೈವಿಗೆ ಬರೆದು, ಅನುಮಾನಿಸಿದ್ದ ಸಹೋದ್ಯೋಗಿಯ ಎದುರೇ ಹಳೆಯ ಲ್ಯಾಪ್‌ಟಾಪಿಗೆ ಚುಚ್ಚಿದೆ. ಸಹಿಯಾದ ಬೂಟ್‌ಲೋಡರನ್ನಷ್ಟೇ ಓಡಗೊಡುವ ಸೆಕ್ಯೂರ್ ಬೂಟ್ ಚಾಲೂ ಇತ್ತು, ಸಹಿಯಾದ ಗ್ರಬ್ ಪರದೆ ಅಲ್ಲೇ ಸ್ತಬ್ಧವಾಯಿತು. ಆ ತಿಂಗಳ ವಿದ್ಯುತ್ ಬಿಲ್ಲು ಎಂದಿಗಿಂತ ಸುಮಾರು 900 ರೂಪಾಯಿ ಹೆಚ್ಚು ಬಂದಿತ್ತು. ಅದನ್ನು ಅವರೇ ಕಟ್ಟಿದರು.