ಹಳೇ ಲ್ಯಾಪ್‌ಟಾಪು, ಹಳೇ ಗೇಮು, ಹೊಸ ಲಿನಕ್ಸು

ತುಮಕೂರಿನ ಕ್ಯಾತ್ಸಂದ್ರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಬಯೋಡೇಟಾ, ಬಾಡಿಗೆ ಕರಾರು ಟೈಪ್ ಮಾಡಲು ಇಟ್ಟಿರುವ ಲ್ಯಾಪ್‌ಟಾಪು ಎರಡನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಎಂಟನೇ ತಲೆಮಾರಿನ ಇಂಟೆಲ್. ಸರಿ, ವಿಂಡೋಸ್ ಬದಲಿಗೆ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕೋಣ ಅಂತ ಹೊರಟರೆ ಮಗನದು ಒಂದೇ ತಕರಾರು: 'ಏಜ್ ಆಫ್ ಎಂಪೈರ್ಸ್ 2 ಓಡುತ್ತಾ?'

ಓಡುತ್ತದೆ. ನನಗೆ ಮೂರು ಸಂಜೆ ಹಿಡಿಯಿತು. ನಿಮಗೆ ಒಂದು ಸಾಕು.

ಮೊದಲು ಡೆಸ್ಕ್‌ಟಾಪ್, ಅಂದರೆ ಮೆನು, ಕಿಟಕಿಗಳನ್ನೆಲ್ಲ ತೋರಿಸುವ ಭಾಗ. ಲಿನಕ್ಸ್‌ನಲ್ಲಿ ಇದನ್ನು ನಾವೇ ಆರಿಸಿಕೊಳ್ಳಬಹುದು. ನಾನು ಚೆಂದ ನೋಡಿ ಮಿಂಟ್ ಅನ್ನುವ ಲಿನಕ್ಸ್‌ನ ಸಿನಮನ್ ಡೆಸ್ಕ್‌ಟಾಪ್ ಹಾಕಿದೆ. ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆಗೆದರೆ ಮೌಸ್ ತೇಕುತ್ತಿತ್ತು. ಅದನ್ನು ತೆಗೆದು ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿದೆ. 2 ಜಿಬಿ ರ‍್ಯಾಮ್ ಇರುವವರು ಎಲ್‌ಎಕ್ಸ್‌ಕ್ಯೂಟಿ ನೋಡಿ. ಅದಕ್ಕಿಂತ ಹಗುರ ಬೇಕೆಂದರೆ ಐಸ್‌ಡಬ್ಲ್ಯೂಎಂ ಇದೆ, ಆದರೆ ಅಂಗಡಿಗೆ ಬರುವ ಹುಡುಗರಿಗೆ ಅದರ ಮೆನು ತೋರಿಸುವುದರಲ್ಲೇ ನನ್ನ ದಿನ ಹೋಗುತ್ತದೆ. ನಿಜ ಹೇಳಬೇಕೆಂದರೆ ರ‍್ಯಾಮ್ ಜಾಸ್ತಿ ತಿನ್ನುವುದು ಡೆಸ್ಕ್‌ಟಾಪ್ ಅಲ್ಲ, ಬ್ರೌಸರ್. ಗೇಮ್ ಆಡುವಾಗ ಅದನ್ನು ಮುಚ್ಚಿ. ಎಕ್ಸ್‌ಎಫ್‌ಸಿಇಯ ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ ಕಿಟಕಿಗಳಿಗೆ ನೆರಳು, ಪಾರದರ್ಶಕ ಅಲಂಕಾರ ಕೊಡುವ ಕಂಪೋಸಿಟರನ್ನೂ ಆಫ್ ಮಾಡಿ.

ಇನ್ನು ವೈನ್, ವಿಂಡೋಸ್ ಗೇಮುಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್. 1993ರಲ್ಲಿ ಶುರುವಾದದ್ದು, ಇವತ್ತಿಗೂ ಬೆಳೆಯುತ್ತಿದೆ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಕೂರಿಸುವ ಕೆಲಸ ಅದರದಲ್ಲ. ಗೇಮು ವಿಂಡೋಸ್ ಭಾಷೆಯಲ್ಲಿ ಕೇಳಿದ್ದನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ತಿರುಗಿಸಿ ಹೇಳುತ್ತದೆ, ಅಷ್ಟೇ. ಹಾಗಾಗಿ ಹಳೇ ಯಂತ್ರಕ್ಕೂ ಭಾರವಾಗುವುದಿಲ್ಲ. ಹಳೇ ಗೇಮುಗಳು 32 ಬಿಟ್, ಆದ್ದರಿಂದ ವೈನ್‌ನ 32 ಬಿಟ್ ಭಾಗವೂ ಬೇಕು. ಡೆಬಿಯನ್ ಅನ್ನುವ ಲಿನಕ್ಸ್‌ನಲ್ಲಿ ಇದನ್ನು ನೀವೇ ಸೇರಿಸಬೇಕು. ಮರೆತರೆ 'ವೈನ್32 ಇಲ್ಲ' ಅಂತ ಅದೇ ಬಾಯಿಬಿಟ್ಟು ಹೇಳುತ್ತದೆ.

ಒಂದೊಂದು ಗೇಮಿಗೂ ಬೇರೆ ಬೇರೆ ಪ್ರಿಫಿಕ್ಸ್, ಅಂದರೆ ವೈನ್‌ನ ಬೇರೆ ಬೇರೆ ಫೋಲ್ಡರ್ ಇಡಿ. ಉಪ್ಪಿನಕಾಯಿ ಭರಣಿಯ ಹಾಗೆ, ಒಂದಕ್ಕೆ ಬೂಸ್ಟು ಹಿಡಿದರೆ ಉಳಿದದ್ದು ಕೆಡಬಾರದು ಅಲ್ವಾ. ಗೇಮುಗಳನ್ನು ನೋಡಿಕೊಳ್ಳುವ ಲೂಟ್ರಿಸ್ ಅನ್ನುವ ಆ್ಯಪ್ ಬಳಸಿದರೆ ಇದನ್ನೆಲ್ಲ ಸಲೀಸಾಗಿ ಮಾಡಬಹುದು. ಆದರೆ ಅದರಲ್ಲಿ ಡಿಎಕ್ಸ್‌ವಿಕೆ ಅಂತ ಒಂದು ಸ್ವಿಚ್ ಇದೆ. ಗೇಮಿನ ಚಿತ್ರ ಬಿಡಿಸುವ ಕೆಲಸವನ್ನು ವಲ್ಕನ್ ಅನ್ನುವ ಹೊಸ ಗ್ರಾಫಿಕ್ಸ್ ಭಾಷೆಗೆ ತಿರುಗಿಸುವುದು ಅದರ ಕೆಲಸ, ನನ್ನ ಐ3ಯ ಗ್ರಾಫಿಕ್ಸ್‌ಗೆ ವಲ್ಕನ್ ಗೊತ್ತೇ ಇಲ್ಲ. ಮೊದಲ ಸಂಜೆ ಹಾಳಾದದ್ದು ಇಲ್ಲೇ. ಸ್ವಿಚ್ ಆಫ್ ಮಾಡಿದರೆ ವೈನ್ ಓಪನ್‌ಜಿಎಲ್ ಅನ್ನುವ ಹಳೇ ಗ್ರಾಫಿಕ್ಸ್ ಭಾಷೆ ಹಿಡಿದುಕೊಂಡು ಹೋಗುತ್ತದೆ. 1999ರ ಗೇಮಿಗೆ ಅದೇ ಧಾರಾಳ.

ಎರಡನೇ ಸಂಜೆ ತಿಂದದ್ದು ಗೇಮಿನ ಸಿಡಿ. ಗೀರು ಬಿದ್ದ ಸಿಡಿ ಡ್ರೈವಿನಲ್ಲಿ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಇನ್ನೂ ಓದುತ್ತಿರುವಾಗಲೇ ಡಿಸ್ಕ್ಸ್ ಅನ್ನುವ ಆ್ಯಪ್‌ನಲ್ಲಿ ಅದರ ಇಮೇಜ್, ಅಂದರೆ ಇಡೀ ಸಿಡಿಯ ಒಂದೇ ಫೈಲಿನ ನಕಲು, ಮಾಡಿಟ್ಟುಕೊಳ್ಳಿ. ಇಮೇಜ್ ಮೌಂಟ್ ಮಾಡಿ (ಸಿಡಿ ಹಾಕಿದ ಹಾಗೆ ತೆರೆದುಕೊಳ್ಳುತ್ತದೆ), ವೈನ್ ಸೆಟ್ಟಿಂಗ್‌ನ ಡ್ರೈವ್ಸ್‌ನಲ್ಲಿ ಸೇರಿಸಿ, ಅಡ್ವಾನ್ಸ್ಡ್ ಒತ್ತಿ ಬಗೆಯನ್ನು ಸಿಡಿ-ರಾಮ್ ಅಂತ ಬದಲಿಸಿ. ಇಲ್ಲದಿದ್ದರೆ ಇನ್‌ಸ್ಟಾಲ್ ಆದ ಮೇಲೂ 'ಸಿಡಿ ಹಾಕಿ' ಅಂತ ಗೇಮು ಹಟ ಹಿಡಿಯಬಹುದು.

ಮೂರನೆಯದು ನಗು ಬರುವಂಥದ್ದು. ಗೇಮು ಪೂರ್ತಿ ಸ್ಕ್ರೀನನ್ನು 800 × 600ಕ್ಕೆ ಇಳಿಸಿಕೊಂಡಿತು, ನಡುವೆ ಸತ್ತಿತು, ಸ್ಕ್ರೀನ್ ಹಾಗೇ ಉಳಿಯಿತು. ಐಕಾನುಗಳೆಲ್ಲ ತಟ್ಟೆ ಇಡ್ಲಿಯಷ್ಟು ದೊಡ್ಡವು! ಸೆಟ್ಟಿಂಗ್ ಕಿಟಕಿಯ ಓಕೆ ಬಟನ್ ಸ್ಕ್ರೀನಿನಿಂದ ಆಚೆ. ಆಲ್ಟ್ ಒತ್ತಿ ಹಿಡಿದು ಕಿಟಕಿಯನ್ನು ಮೇಲಕ್ಕೆ ಎಳೆದೆ, ಆಗ ಸಿಕ್ಕಿತು. ಅವತ್ತಿನಿಂದ ವೈನ್ ಸೆಟ್ಟಿಂಗ್‌ನ ಗ್ರಾಫಿಕ್ಸ್‌ನಲ್ಲಿ 'ವರ್ಚುವಲ್ ಡೆಸ್ಕ್‌ಟಾಪ್'ಗೆ ಟಿಕ್ ಹಾಕಿ 1024 × 768 ಕೊಡುತ್ತೇನೆ. ಗೇಮು ಒಂದು ಚೌಕಟ್ಟಿನೊಳಗೇ ಓಡುತ್ತದೆ. ಗಿರಾಕಿ ಬಂದರೆ ಸುಮ್ನೆ ಮಿನಿಮೈಸ್ ಮಾಡಿದರಾಯಿತು.

ಗೇಮು ಸರಿಯಾಗಿ ಓಡಿದ ದಿನವೇ ಆ ಪ್ರಿಫಿಕ್ಸ್ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿಡಿ. ಹಾಗೇ ಎಳೆದು ಹಾಕಿದರೆ ಎರರ್ ಬರುತ್ತದೆ, ನನಗೂ ಬಂತು. ಒಳಗೆ 'ಸಿ:' ಅನ್ನುವ ಹೆಸರಿನ ಕೊಂಡಿ ಇರುತ್ತದೆ, ಪೆನ್‌ಡ್ರೈವಿನ ಫ್ಯಾಟ್ ಫಾರ್ಮ್ಯಾಟಿಗೆ ಹೆಸರಿನಲ್ಲಿ ಆ ಎರಡು ಚುಕ್ಕಿ ಆಗುವುದಿಲ್ಲ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಎಲ್ಲವನ್ನೂ ಒಂದೇ ಟಾರ್ ಫೈಲಾಗಿ ಕಟ್ಟಿ, ಆಮೇಲೆ ಕಾಪಿ ಮಾಡಿ.